ಎರಡಡಿ ಪ್ಲಾಂಟೆಡ್ ಟ್ಯಾಂಕ್‌ಗೆ ಸಿಒ2 ಮತ್ತು ಫಿಲ್ಟರ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಪ್ಲಾಂಟೆಡ್ ಟ್ಯಾಂಕ್, ಅಂದರೆ ಜೀವಂತ ಜಲಗಿಡ ಬೆಳೆಸುವ ಅಕ್ವೇರಿಯಂ ಮಾಡಹೊರಟವರು ಮೊದಲು ಲೈಟ್ ಕೊಳ್ಳುತ್ತಾರೆ, ಆಮೇಲೆ ಗಿಡ. ಗಿಡಗಳಿಗಾಗಿ ನೀರಿಗೆ ಬಿಡುವ ಸಿಒ2 (ಕಾರ್ಬನ್ ಡೈಆಕ್ಸೈಡ್) ಗ್ಯಾಸ್ ಮತ್ತು ಫಿಲ್ಟರ್‌ಗೆ ಉಳಿಯುವುದು ಜೇಬಿನ ತಳ. ತಿಂಗಳೊಪ್ಪತ್ತಿನಲ್ಲಿ ಎಲೆಯಂಚಿಗೆ ಕಪ್ಪು ಗಡ್ಡದಂಥ ಪಾಚಿ ಹತ್ತಿದಾಗ ಬೈಗುಳವೆಲ್ಲ ಲೈಟಿಗೆ. ನಿಜವಾದ ತಪ್ಪು ಬಹಳ ಸಲ ಬೇರೆ ಕಡೆ ಇರುತ್ತದೆ: ಗ್ಯಾಸ್ ಒಂದು ದಿನ ಇದ್ದಷ್ಟು ಇನ್ನೊಂದು ದಿನ ಇರುವುದಿಲ್ಲ, ಇದ್ದ ಗ್ಯಾಸೂ ಕಲ್ಲಿನ ಹಿಂದಿನ ಮೂಲೆಗೆ ಹೋಗುವುದಿಲ್ಲ. ಹಾಗಾಗಿ ಗ್ಯಾಸ್ ಸೆಟ್ಟು, ಫಿಲ್ಟರ್ ಇವೆರಡನ್ನೂ ಒಂದೇ ಸಾಮಾನು ಅಂದುಕೊಂಡೇ ಕೊಳ್ಳಬೇಕು. ಇಲ್ಲಿನ ಲೆಕ್ಕವೆಲ್ಲ 60×30×36 ಸೆಂ.ಮೀ. ಟ್ಯಾಂಕಿನದು. ಕಂಠಮಟ್ಟ ತುಂಬಿದರೆ 65 ಲೀಟರ್. ಮಣ್ಣು, ಕಲ್ಲು ಕಳೆದರೆ ನೀರು ಸುಮಾರು 50 ಲೀಟರ್.

ಮನೆಯಲ್ಲೇ ಗ್ಯಾಸ್ ಹುಟ್ಟಿಸುವ ದಾರಿಗಳಲ್ಲಿ ಈಸ್ಟ್ ಮತ್ತು ಸಕ್ಕರೆ ಬಾಟಲಿಯ ವಿಧಾನ ಬಿಡಿ. ಮೊದಲ ವಾರ ಭೋರ್ಗರೆದು ಎರಡನೇ ವಾರ ಮಲಗುತ್ತದೆ, ರಾತ್ರಿ ನಿಲ್ಲಿಸಲೂ ಆಗದು. ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಮತ್ತು ಅಡುಗೆ ಸೋಡಾದ ಕಿಟ್ ಮಾತ್ರ ಗಂಭೀರವಾಗಿ ನೋಡಬೇಕಾದದ್ದು. ಅಗ್ಗದ್ದು ಎರಡು ಬಾಟಲಿಯ ಮುಚ್ಚಳದ ಸೆಟ್ಟು, ದುಬಾರಿಯದು 2 ಲೀಟರಿನ ಸ್ಟೀಲ್ ಪಾತ್ರೆ. ಸ್ಟೀಲಿನದಕ್ಕೆ ಸಾಮಾನ್ಯ ಪಾಕ 200 ಗ್ರಾಂ ಸೋಡಾ, 200 ಗ್ರಾಂ ನಿಂಬೆ ಉಪ್ಪು, 600 ಮಿ.ಲೀ. ನೀರು. ರಸಾಯನದ ಲೆಕ್ಕದಲ್ಲಿ ಇದರಿಂದ ಹುಟ್ಟುವ ಗ್ಯಾಸ್ ಹೆಚ್ಚೆಂದರೆ 105 ಗ್ರಾಂ, ಯಾಕೆಂದರೆ ಮೊದಲು ಖಾಲಿಯಾಗುವುದು ಸೋಡಾ. ನಿಂಬೆ ಉಪ್ಪನ್ನು 300 ಗ್ರಾಂಗೆ ಏರಿಸಿದರೂ ಒಂದು ಗುಳ್ಳೆ ಹೆಚ್ಚು ಬರುವುದಿಲ್ಲ.

ಬಾಟಲಿ ಸೆಟ್ಟಿನ ತೊಂದರೆ ಮುಚ್ಚಳದಲ್ಲೇ ಇದೆ. ಅಡುಗೆ ಸೋಡಾ ಇರುವ ಬಾಟಲಿಯ ಒತ್ತಡ ಇಳಿದಾಗ ಇನ್ನೊಂದರ ಆಮ್ಲವನ್ನು ಅದು ತನ್ನ ಕಡೆ ಎಳೆದುಕೊಳ್ಳಬೇಕು, ಆಗಷ್ಟೇ ಗ್ಯಾಸ್ ಹುಟ್ಟಬೇಕು. ನಡುವಿನ ಪುಟ್ಟ ವಾಲ್ವ್‌ಗೆ ಸೋಡಾದ ಹರಳು ಕೂತರೆ ಆಮ್ಲ ಒಮ್ಮೆಲೇ ನುಗ್ಗುತ್ತದೆ, ಇಲ್ಲವೇ ಹನಿಯೂ ಹೋಗುವುದಿಲ್ಲ. ಗೇಜಿನ (ಒತ್ತಡದ ಮೀಟರಿನ) ಮುಳ್ಳು ಹಸಿರು ಪಟ್ಟೆ ದಾಟಿದರೆ ಗ್ಯಾಸ್ ಹೊರಬಿಡಿ. ಗೆರೆ ಬಿದ್ದ, ತಳ ಉಬ್ಬಿದ ಬಾಟಲಿಯನ್ನು ಮತ್ತೆ ಬಳಸಲೇಬಾರದು. ಕೂಲ್‌ಡ್ರಿಂಕ್ಸ್ ಬಾಟಲಿಯೇ ಬೇಕು. ನೀರಿನ ತೆಳು ಬಾಟಲಿ ಈ ಕೆಲಸಕ್ಕಲ್ಲ.

ಇನ್ನು ಸಿಒ2 ತುಂಬಿದ ಸಿಲಿಂಡರ್. ಸೆಕೆಂಡಿಗೆ ಎರಡು ಗುಳ್ಳೆಯಂತೆ ದಿನಕ್ಕೆ 8 ಗಂಟೆ ಬಿಟ್ಟರೆ, ಗುಳ್ಳೆಗೆ 0.05 ಮಿ.ಲೀ. ಹಿಡಿದು, ದಿನದ ಖರ್ಚು 5 ಗ್ರಾಂ ಚಿಲ್ಲರೆ. ಅಂದರೆ ಕಿಟ್ಟಿನ ಒಂದು ಪಾಕ ಮೂರು ವಾರ, 2 ಕೆ.ಜಿ. ಸಿಲಿಂಡರ್ ಒಂದು ವರ್ಷ. ಆ ಒಂದು ಸಿಲಿಂಡರಿನ ಗ್ಯಾಸಿಗೆ ಕಿಟ್ಟಿನಲ್ಲಾದರೆ 19 ಸಲ ಪಾಕ ಬೆರೆಸಬೇಕು, 19 ಸಲ ಗುಳ್ಳೆ ಹೊಸದಾಗಿ ಹೊಂದಿಸಬೇಕು. ದುಡ್ಡಿಗಿಂತ ಈ ಹೊಂದಿಸುವ ಕಾಟವೇ ಕಿಟ್ಟನ್ನು ಸೋಲಿಸುವುದು. ಒಂದಡಿಯ ನ್ಯಾನೋ ಟ್ಯಾಂಕಿಗೆ ಕಿಟ್ ಸಾಕು, ಎರಡಡಿಗೆ ಸಿಲಿಂಡರ್ ಸರಿ.

ಸಿಲಿಂಡರ್ ಕೊಳ್ಳುವಾಗ ಕತ್ತಿನ ಮೇಲೆ ಕೆತ್ತಿರುವ ಹೈಡ್ರೋ ಟೆಸ್ಟ್ (ನೀರಿನ ಒತ್ತಡದಲ್ಲಿ ಗಟ್ಟಿತನ ನೋಡುವ ಪರೀಕ್ಷೆ) ತಾರೀಖು ನೋಡಿ. ಅವಧಿ ಮುಗಿದ ಸಿಲಿಂಡರಿಗೆ ಸರಿಯಾದ ರೀಫಿಲ್ಲಿಂಗ್ ಅಂಗಡಿಯವರು ಗ್ಯಾಸ್ ತುಂಬುವುದಿಲ್ಲ. ನಮ್ಮಲ್ಲಿ ಬೆಂಕಿ ಆರಿಸುವ ಸಿಒ2 ಸಿಲಿಂಡರನ್ನೇ ವಾಲ್ವ್ ಬದಲಿಸಿ ಅಕ್ವೇರಿಯಂಗೆ ಮಾರುವುದುಂಟು. ಅದರೊಳಗೆ ತಳದವರೆಗೆ ಇಳಿದ ಉದ್ದನೆಯ ಕೊಳವೆ ಇರುತ್ತದೆ. ಬೆಂಕಿಗೆ ದ್ರವ ಚಿಮ್ಮಬೇಕು, ಅದಕ್ಕೆ. ಆ ಕೊಳವೆ ತೆಗೆಯದೆ ರೆಗ್ಯುಲೇಟರ್ (ಒತ್ತಡ ತಗ್ಗಿಸಿ ಗ್ಯಾಸ್ ಬಿಡುವ ಸಾಧನ) ಹಾಕಿದರೆ ದ್ರವವೇ ಒಳನುಗ್ಗಿ, ರೆಗ್ಯುಲೇಟರ್ ಮೇಲೆ ಮಂಜು ಕಟ್ಟಿ, ಒಳಗಿನ ಸೀಲ್ ಹಾಳಾಗುತ್ತದೆ. ‘ಡಿಪ್ ಟ್ಯೂಬ್ ತೆಗೆದಿದ್ದೀರಾ’ ಎಂದು ಬಾಯಿಬಿಟ್ಟು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಥ್ರೆಡ್ಡೂ (ತಿರುಪಿನ ಅಳತೆ) ನೋಡಿ: ಡಬ್ಲ್ಯೂ 21.8 ಥ್ರೆಡ್ಡಿನ ರೆಗ್ಯುಲೇಟರಿಗೂ ಅಮೆರಿಕದ ಸಿಜಿಎ 320 ವಾಲ್ವಿಗೂ ಕೂಡಿಬರುವುದಿಲ್ಲ. ವಿದೇಶದಿಂದ ರೆಗ್ಯುಲೇಟರ್ ತರಿಸುವವರು ಎಡವುವುದು ಇಲ್ಲೇ.

ತುಂಬಿದ ಗ್ಯಾಸ್ ಎಷ್ಟಿದೆ ಎಂದು ತಿಳಿಯಲು ಗೇಜ್ ನೋಡಿ ಉಪಯೋಗವಿಲ್ಲ, ತಕ್ಕಡಿ ಬೇಕು. ಸಿಲಿಂಡರಿನಲ್ಲಿ ದ್ರವ ಇರುವ ತನಕ ಒತ್ತಡ ಶಾಖವನ್ನಷ್ಟೇ ಹೇಳುತ್ತದೆ: 20 ಡಿಗ್ರಿಯಲ್ಲಿ ಸುಮಾರು 57 ಬಾರ್, 30 ಡಿಗ್ರಿಯಲ್ಲಿ 72. ಮುಳ್ಳು ಇಳಿಯತೊಡಗಿತೆಂದರೆ ದ್ರವ ಮುಗಿದಿದೆ, ಉಳಿದಿರುವುದು ಬರೀ ಗ್ಯಾಸ್. 31 ಡಿಗ್ರಿ ದಾಟಿದ ಮೇಲೆ ಒಳಗೆ ದ್ರವವೆಂಬುದೇ ಉಳಿಯುವುದಿಲ್ಲ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಸಿಲಿಂಡರನ್ನು ಕಿಟಕಿಯ ಬಿಸಿಲಿಗೆ ಇಡಬೇಡಿ, ‘ಸ್ವಲ್ಪ ಜಾಸ್ತಿ ತುಂಬಿಕೊಡಿ’ ಎಂದು ಅಂಗಡಿಯವನನ್ನು ಕಾಡಲೂಬೇಡಿ. ಇನ್ನೊಂದು ಮಾತು: 2 ಕೆ.ಜಿ. ಗ್ಯಾಸ್ ಪೂರ್ತಿ ಸೋರಿದರೆ 1,100 ಲೀಟರ್. 10×10 ಅಡಿಯ, ಕಿಟಕಿ ಮುಚ್ಚಿದ ಮಲಗುವ ಕೋಣೆಯ ಗಾಳಿಯಲ್ಲಿ ಅದು ಸುಮಾರು ನೂರಕ್ಕೆ ನಾಲ್ಕು ಪಾಲು, ಜೀವಕ್ಕೆ ಅಪಾಯದ ಮಟ್ಟ. ಸಿಲಿಂಡರ್ ನೆಟ್ಟಗೆ ನಿಲ್ಲಿಸಿ ಕಟ್ಟಿ. ಪ್ರತಿ ರೀಫಿಲ್ಲಿಗೂ ನೈಲಾನ್ ವಾಷರ್ ಬದಲಿಸಿ, ಜಾಯಿಂಟಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿ.

ದುಡ್ಡು ಹಾಕಬೇಕಾದ ಜಾಗ ರೆಗ್ಯುಲೇಟರ್. ಒಂದೇ ಹಂತದಲ್ಲಿ ಒತ್ತಡ ಇಳಿಸುವ ಸಿಂಗಲ್ ಸ್ಟೇಜ್ ರೆಗ್ಯುಲೇಟರಿನಲ್ಲಿ ಸಿಲಿಂಡರಿನ ಒತ್ತಡ ಕುಸಿದಾಗ ಹೊರಗಿನ ಒತ್ತಡ ಏರುತ್ತದೆ. ಸಿಲಿಂಡರ್ ಮುಗಿಯುವ ದಿನ ಗುಳ್ಳೆ ಎಣಿಕೆಗೆ ಸಿಗದಷ್ಟು ಬಂದು ಮೀನು ಸಾಯುವುದು ಇದರಿಂದ. ಎರಡು ಹಂತದ ಡ್ಯುಯಲ್ ಸ್ಟೇಜ್‌ನಲ್ಲಿ ಈ ಭಯ ಕಡಿಮೆ. ಬಜೆಟ್ ಇಲ್ಲದಿದ್ದರೆ ಸಿಂಗಲ್ ಸ್ಟೇಜ್‌ಗೆ ಒಳ್ಳೆಯ ನೀಡಲ್ ವಾಲ್ವ್ (ಗುಳ್ಳೆಯ ವೇಗ ಹೊಂದಿಸುವ ತಿರುಪು) ಇರಲಿ, ಗೇಜಿನ ಮುಳ್ಳು ಇಳಿಯತೊಡಗಿದ ದಿನವೇ ಸಿಲಿಂಡರ್ ಬದಲಿಸುವ ಅಭ್ಯಾಸವಿರಲಿ. ಅಗ್ಗದ ನೀಡಲ್ ವಾಲ್ವನ್ನು ಅಂಗಡಿಯಲ್ಲೇ ಗುರುತಿಸಬಹುದು: ಕಾಲು ಸುತ್ತು ತಿರುಗಿಸುವಷ್ಟರಲ್ಲಿ ಸೆಕೆಂಡಿಗೆ ಒಂದು ಗುಳ್ಳೆ ಹೋಗಿ ಧಾರೆಯೇ ಬಂದರೆ ಕೆಳಗಿಡಿ. ಸೊಲೆನಾಯ್ಡ್ (ಕರೆಂಟಿನಿಂದ ಗ್ಯಾಸ್ ತೆರೆದು ಮುಚ್ಚುವ ವಾಲ್ವ್) 230 ವೋಲ್ಟಿನದಕ್ಕಿಂತ ಅಡಾಪ್ಟರ್ ಇರುವ 12 ಅಥವಾ 24 ವೋಲ್ಟಿನದು ಮೇಲು, ನೀರಿನ ಪಕ್ಕದಲ್ಲಿ ಇರುವ ಸಾಮಾನಲ್ಲವೇ. ಪೈಪು ಸಿಲಿಕೋನ್ ಬೇಡ. ಏರ್ ಪಂಪಿನ ಆ ಮೆತ್ತನೆ ಪೈಪಿನ ಗೋಡೆಯಿಂದಲೇ ಸಿಒ2 ಸೋರುತ್ತದೆ. ಪಾಲಿಯುರೆಥೇನ್ ಪೈಪ್ ಹಾಕಿ. ಪೈಪಿನಲ್ಲಿ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಪ್ಲಾಸ್ಟಿಕ್ಕಿನದಕ್ಕಿಂತ ಹಿತ್ತಾಳೆ ಅಥವಾ ಸ್ಟೀಲಿನದು ಬಾಳುತ್ತದೆ.

ಗುಳ್ಳೆ ಎಣಿಸಿ ‘ನನ್ನದು ಎರಡು, ನಿನ್ನದೆಷ್ಟು’ ಎನ್ನುವುದರಲ್ಲಿ ಅರ್ಥವಿಲ್ಲ, ಗುಳ್ಳೆ ಎಣಿಸುವ ಒಂದೊಂದು ಕೌಂಟರಿನ ಗುಳ್ಳೆ ಒಂದೊಂದು ಗಾತ್ರ. ನೀರಿನಲ್ಲಿ ಗ್ಯಾಸ್ ಎಷ್ಟಿದೆಯೆಂದು ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕರ್ ಹಾಕಿ. ಅದರೊಳಗೆ ಟ್ಯಾಂಕಿನ ನೀರು ತುಂಬಬಾರದು, 4 ಕೆಎಚ್ (ಕಾರ್ಬನೇಟ್ ಗಡುಸಿನ ಅಳತೆ) ದ್ರಾವಣವೇ ಬೇಕು. ಅದನ್ನು ಮನೆಯಲ್ಲೇ ಮಾಡಬಹುದು: ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ 1 ಲೀಟರಿಗೆ 1.2 ಗ್ರಾಂ ಅಡುಗೆ ಸೋಡಾ ಕರಗಿಸಿ, ಅದರಲ್ಲಿ 100 ಮಿ.ಲೀ. ತೆಗೆದು ಅದೇ ನೀರಿನಿಂದ 1 ಲೀಟರಿಗೆ ಏರಿಸಿ. ಅದಕ್ಕೆ ಬಣ್ಣ ಬದಲಿಸುವ ಸೂಚಕ ಬ್ರೋಮೋಥೈಮಾಲ್ ಬ್ಲೂ ಎರಡು ಮೂರು ಹನಿ. ನೀಲಿ ಇದ್ದರೆ ಗ್ಯಾಸ್ ಕಡಿಮೆ, ಎಳೆ ಹಸಿರು ಸುಮಾರು 30 ಪಿಪಿಎಂ (ಹತ್ತು ಲಕ್ಷದಲ್ಲಿ 30 ಪಾಲು), ಹಳದಿ ಅಂದರೆ ಮೀನಿಗೆ ಸಂಕಟ. ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುತ್ತದೆ, ಅದಕ್ಕೆ ಮುಂಚೆ ನಾಬ್ ಮುಟ್ಟಬೇಡಿ. ಬೋರ್‌ವೆಲ್ ನೀರು ಎಷ್ಟೇ ಗಡುಸಾಗಿದ್ದರೂ ಒಳಗಿನ ದ್ರಾವಣ ಬೇರೆಯಾದ್ದರಿಂದ ಈ ಲೆಕ್ಕ ಕೆಡದು. ಕರಾವಳಿಯ ಸೆಖೆಯಲ್ಲಿ ಗ್ಯಾಸ್ ಬಿಡುವಾಗ ಸ್ವಲ್ಪ ಹಿಡಿತವಿರಲಿ: 25 ಡಿಗ್ರಿಯ ನೀರಿನಲ್ಲಿ ಆಮ್ಲಜನಕ ಲೀಟರಿಗೆ 8.3 ಮಿ.ಗ್ರಾಂ ತನಕ ಕರಗಿದರೆ 30 ಡಿಗ್ರಿಯಲ್ಲಿ ಅದು 7.5ಕ್ಕೆ ಇಳಿಯುತ್ತದೆ.

ಫಿಲ್ಟರಿಗೆ ಬಂದರೆ, ಏರ್ ಪಂಪಿನ ಸ್ಪಾಂಜ್ ಫಿಲ್ಟರ್ ಕೊಟ್ಟ ಗ್ಯಾಸನ್ನೆಲ್ಲ ಹೊರಗಟ್ಟುತ್ತದೆ. ಟ್ಯಾಂಕಿನ ಅಂಚಿಗೆ ತೂಗುಹಾಕುವ ಹ್ಯಾಂಗ್ ಆನ್ ಫಿಲ್ಟರ್ ಆಗಬಹುದು, ಆದರೆ ನೀರಿನ ಮಟ್ಟ ಅದರ ತುಟಿಗೆ ತಾಗುವಂತಿರಬೇಕು. ಜಲಪಾತ ಬಿದ್ದಷ್ಟೂ ಗ್ಯಾಸ್ ನಷ್ಟ. ಸಿಲಿಂಡರಿಗೆ ದುಡ್ಡು ಹಾಕಿದವರಿಗೆ ಕ್ಯಾನಿಸ್ಟರ್ ಫಿಲ್ಟರೇ (ಟ್ಯಾಂಕಿನ ಹೊರಗಿಟ್ಟು ಪೈಪಿನಿಂದ ಜೋಡಿಸುವ ಮುಚ್ಚಿದ ಪಾತ್ರೆ) ಸರಿ.

ಡಬ್ಬದ ಮೇಲಿನ ಗಂಟೆಗಿಷ್ಟು ಲೀಟರ್ ಎಂಬುದು ಖಾಲಿ ಪಂಪಿನ ಲೆಕ್ಕ. ಒಳಗೆ ಸ್ಪಾಂಜ್ ತುಂಬಿ, ಟ್ಯಾಂಕಿನ ಕೆಳಗಿನ ಕಪಾಟಿನಿಂದ ನೀರು ಮೇಲೇರುವಾಗ ಅರ್ಧಕ್ಕೆ ಇಳಿದರೂ ಆಶ್ಚರ್ಯವಿಲ್ಲ. ಅಳೆಯುವುದು ಸುಲಭ: ಹೊರಬರುವ ಪೈಪನ್ನು ಟ್ಯಾಂಕಿನ ಅಂಚಿನ ಎತ್ತರದಲ್ಲೇ 10 ಲೀಟರ್ ಬಕೆಟ್ಟಿಗೆ ಹಿಡಿದು ಗಡಿಯಾರ ನೋಡಿ. ಒಂದು ನಿಮಿಷ ಹಿಡಿದರೆ ಗಂಟೆಗೆ 600 ಲೀಟರ್. ಈ ಟ್ಯಾಂಕಿಗೆ ಅಳೆದಾಗ 250–350 ಸಿಕ್ಕರೆ ಸಾಕು. ಎಹೈಮ್ ಕ್ಲಾಸಿಕ್ 2213ರ ಡಬ್ಬದ ಲೆಕ್ಕ 440 ಲೀಟರ್, ಕರೆಂಟು 8 ವ್ಯಾಟ್. ಸದ್ದು ಕಡಿಮೆ, ಆದರೆ ಪ್ರೈಮಿಂಗ್ ಬಟನ್ ಇಲ್ಲ, ನೀರನ್ನು ನೀವೇ ಎಳೆದು ಇಳಿಸಬೇಕು. ಕಲ್ಲು ಬಹಳವಿರುವ ಟ್ಯಾಂಕಿಗೆ ಇದರ ಹರಿವು ಸಾಕಾದರೂ ಸಾಕು, ಆಗದಿದ್ದರೂ ಇಲ್ಲ ಎಂಬಂತಿದೆ. ಓಆಸೆ ಬಯೋಮಾಸ್ಟರ್‌ನ ಹೆಚ್ಚುಗಾರಿಕೆ ಪ್ರೀಫಿಲ್ಟರ್: ಮುಚ್ಚಳ ಬಿಚ್ಚದೆ ಅದೊಂದನ್ನೇ ಹೊರತೆಗೆದು ತೊಳೆಯಬಹುದು. ವಾರಕ್ಕೊಮ್ಮೆ ತೊಳೆಯಲು ಸೋಮಾರಿತನ ಪಡುವವರಿಗೆ ಆ ದುಬಾರಿ ಬೆಲೆ ಸಾರ್ಥಕ. ಸನ್‌ಸನ್ ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಯುವಿ ದೀಪವಿರುವ ಮಾದರಿಯ ದೀಪ ಹಸಿರು ನೀರಿಗೆ ಮದ್ದು, ಎಲೆಗಂಟಿದ ಪಾಚಿಗಲ್ಲ.

ಮೀಡಿಯಾಕ್ಕೆ (ಫಿಲ್ಟರಿನೊಳಗೆ ತುಂಬುವ ಸಾಮಾನಿಗೆ) ಸುರಿಯುವ ದುಡ್ಡು ಬಹುಪಾಲು ವ್ಯರ್ಥ. ಗಿಡ ದಟ್ಟವಾಗಿದ್ದರೆ ಮೀನಿನ ಕಸದಿಂದ ಹುಟ್ಟುವ ಅಮೋನಿಯಾವನ್ನು ಗಿಡಗಳೇ ಬಹಳಷ್ಟು ಹೀರುತ್ತವೆ. ನೀರು ಮೊದಲು ದೊರಗು ಸ್ಪಾಂಜ್, ಆಮೇಲೆ ನಯದ್ದು, ಆಮೇಲೆ ಒಂದು ಬುಟ್ಟಿ ಸೆರಾಮಿಕ್ ರಿಂಗ್ ಹಾದುಹೋಗಲಿ. ಬಿಳಿ ಹತ್ತಿ ಹಾಕಿದರೆ ಹದಿನೈದು ದಿನಕ್ಕೆ ಬಿಸಾಡಿ, ಇಲ್ಲದಿದ್ದರೆ ಅದೇ ಹರಿವನ್ನು ಕಟ್ಟುತ್ತದೆ. ಸ್ಪಾಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ, ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಬೇಡ. ಓ ರಿಂಗಿಗೆ (ಮುಚ್ಚಳದ ರಬ್ಬರ್ ಬಳೆಗೆ) ಸಿಲಿಕೋನ್ ಗ್ರೀಸ್ ಹಚ್ಚಿ. ವ್ಯಾಸ್ಲಿನ್ ಹಚ್ಚಿದರೆ ಕೆಲವು ಬಗೆಯ ರಬ್ಬರ್ ಉಬ್ಬಿ ಮುಚ್ಚಳದಿಂದ ನೀರು ತೊಟ್ಟಿಕ್ಕಬಹುದು.

ಗ್ಯಾಸನ್ನು ಸಣ್ಣ ಗುಳ್ಳೆಗಳಾಗಿ ಒಡೆಯುವ ಡಿಫ್ಯೂಸರನ್ನು ಫಿಲ್ಟರಿನ ಹೊರಪೈಪಿನ ಎದುರು ಗೋಡೆಗೆ, ನೆಲದಿಂದ ಮೂರು ನಾಲ್ಕು ಸೆಂ.ಮೀ. ಮೇಲೆ ಕೂರಿಸಿ. ಮೇಲಿನಿಂದ ಬಂದ ಹರಿವು ಆ ಗೋಡೆಗೆ ಬಡಿದು ಕೆಳಗಿಳಿಯುವಾಗ ಸಣ್ಣ ಗುಳ್ಳೆಗಳನ್ನು ನೆಲದ ಹಾಸುಗಿಡಗಳ ಮೇಲೆ ಎಳೆದುಕೊಂಡು ಹೋಗುತ್ತದೆ. ಎಲೆಗಳು ಎಲ್ಲೆಡೆ ಸಣ್ಣಗೆ ಅಲುಗುತ್ತಿದ್ದರೆ ಹರಿವು ಸರಿಯಿದೆ. ಗುಳ್ಳೆ ನೇರ ಮೇಲೇರಿ ಒಡೆಯುತ್ತಿದ್ದರೆ ಜಾಗ ತಪ್ಪಿದೆ. ಫಿಲ್ಟರಿನ ಪೈಪಿಗೇ ಸೇರಿಸುವ ಇನ್‌ಲೈನ್ ಅಟೊಮೈಸರ್ ಟ್ಯಾಂಕಿನೊಳಗೆ ಕಾಣಿಸುವುದಿಲ್ಲ, ಆದರೆ ಅದಕ್ಕೆ 2 ಬಾರ್ ಮೇಲೆ ಒತ್ತಡ ಬೇಕು.

ಗ್ಯಾಸ್ ಟೈಮರ್ ಲೈಟಿಗಿಂತ ಒಂದೆರಡು ಗಂಟೆ ಮುಂಚೆ ಶುರುವಾಗಿ, ಲೈಟ್ ಆರುವ ಒಂದು ಗಂಟೆ ಮುಂಚೆ ನಿಲ್ಲಲಿ. ಸೊಲೆನಾಯ್ಡನ್ನು ಫಿಲ್ಟರ್ ಇರುವ ಲೈನಿಗೇ ಕೊಡಿ. ಕರೆಂಟು ಹೋದರೆ ಎರಡೂ ಒಟ್ಟಿಗೆ ನಿಲ್ಲಬೇಕು, ಯುಪಿಎಸ್ ಇದ್ದರೆ ಎರಡೂ ನಡೆಯಬೇಕು. ಗ್ಯಾಸ್ ಯುಪಿಎಸ್‌ನಲ್ಲಿದ್ದು ಫಿಲ್ಟರ್ ಇಲ್ಲದಿದ್ದರೆ ನಿಂತ ನೀರಿಗೆ ಗ್ಯಾಸ್ ತುಂಬುತ್ತಲೇ ಇರುತ್ತದೆ. ನಾಲ್ಕೈದು ಗಂಟೆ ಕರೆಂಟಿಲ್ಲದೆ ನಿಂತ ಕ್ಯಾನಿಸ್ಟರನ್ನು ಹಾಗೇ ಚಾಲೂ ಮಾಡಬಾರದು. ಒಳಗೆ ಆಮ್ಲಜನಕ ಮುಗಿದಿರುತ್ತದೆ. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಆ ನೀರು ಚೆಲ್ಲಿ, ಸ್ಪಾಂಜ್ ತೊಳೆದು, ಆಮೇಲೆ ಹಾಕಿ. ಮತ್ತೆ ಹಾಕಿದಾಗ ಗರಗರ ಸದ್ದು ಬಂದರೆ ಒಳಗೆ ಗಾಳಿ ಸಿಕ್ಕಿದೆ, ಫಿಲ್ಟರನ್ನು ಆ ಕಡೆ ಈ ಕಡೆ ವಾಲಿಸಿ. ಗಾಳಿ ಹೋದ ಮೇಲೂ ಸದ್ದು ನಿಲ್ಲದಿದ್ದರೆ ಇಂಪೆಲ್ಲರಿನ (ನೀರು ತಳ್ಳುವ ಚಕ್ರದ) ಸೆರಾಮಿಕ್ ಕಡ್ಡಿ ಮುರಿದಿರಬಹುದು. ಬೆರಳುದ್ದದ ಆ ಕಡ್ಡಿ ಬಿಡಿಯಾಗಿ ಸಿಗುತ್ತದೆಯೇ ಎಂಬುದನ್ನು ಫಿಲ್ಟರಿನ ಬೆಲೆ ಕೇಳುವ ಮುಂಚೆಯೇ ಅಂಗಡಿಯಲ್ಲಿ ಕೇಳಿಬಿಡಿ.