ಒಮ್ಮೆ ಅಪರಾಧವಾಗಿದ್ದ ಬಟ್ಟೆ: ಕೊಪ್ಪಳದಲ್ಲಿ ಕೊಂಡ ಖಾದಿ ಧ್ವಜದ ವಿಮರ್ಶೆ

ಕೊಪ್ಪಳ ಪೇಟೆಯ ಖಾದಿ ಅಂಗಡಿಯೊಂದರಲ್ಲಿ ಕಳೆದ ಸೆಪ್ಟೆಂಬರಿನಲ್ಲಿ ನಾನು ಕೊಂಡದ್ದು 900 ಮಿಲಿಮೀಟರ್ ಉದ್ದ, 600 ಮಿಲಿಮೀಟರ್ ಅಗಲದ ರಾಷ್ಟ್ರಧ್ವಜ. ಧ್ವಜಕ್ಕೆ ಗೊತ್ತುಪಡಿಸಿರುವ ಒಂಬತ್ತು ಅಳತೆಗಳಲ್ಲಿ ಇದು ಆರನೆಯದು. ಮನೆಯ ಮಾಳಿಗೆಯ ಮೇಲೆ ಹಾರಿಸುವುದಕ್ಕೆ ಹಿಡಿಸುವಂಥದ್ದು. ತಯಾರಾದದ್ದು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. 2022ರಲ್ಲಿ ಅಂಚೆ ಕಚೇರಿಗಳಲ್ಲಿ 25 ರೂಪಾಯಿಗೆ ಸಿಕ್ಕ ಪಾಲಿಯೆಸ್ಟರ್ ಧ್ವಜವನ್ನು ನೆನಪಿಟ್ಟುಕೊಂಡವರು ಇದರ ಬೆಲೆ ಕೇಳಿದರೆ ಹುಬ್ಬೇರಿಸುತ್ತಾರೆ. ಬೆಲೆ ಹೆಚ್ಚೇ, ಅದರಲ್ಲಿ ಅನುಮಾನವಿಲ್ಲ. ಆದರೆ ಕೈಯಲ್ಲಿ ನೂತ ನೂಲಿನ ಬಟ್ಟೆಗೆ ಯಂತ್ರದ ಬಟ್ಟೆಯ ದರ ಕೇಳುವುದು ನ್ಯಾಯವಲ್ಲ.

ಮೊದಲು ವಸ್ತುವಿನ ಮಾತು. ಧ್ವಜವನ್ನು ಬಿಚ್ಚಿ ಬಿಸಿಲಿಗೆ ಹಿಡಿದಾಗ ಅಶೋಕಚಕ್ರದ ಮುಂಭಾಗದ ಮುದ್ರಣವೂ ಹಿಂಭಾಗದ ಮುದ್ರಣವೂ ಗೆರೆಗೆ ಗೆರೆ ಕೂಡಿಕೊಂಡಿದ್ದವು. ಇಪ್ಪತ್ನಾಲ್ಕು ಅರೆಗಳಲ್ಲಿ ಒಂದೂ ನೆರಳಿನಂತೆ ಎರಡಾಗಿ ಕಾಣಲಿಲ್ಲ. ಮೂರು ಪಟ್ಟಿಗಳ ಜೋಡಣೆಯ ಹೊಲಿಗೆ ನೇರವಾಗಿದೆ, ಎಲ್ಲಿಯೂ ಸುಕ್ಕು ಹಿಡಿದಿಲ್ಲ. ಹಗ್ಗ ಸೇರಿಸುವ ಬದಿಯಲ್ಲಿ ದಪ್ಪ ಬಿಳಿ ಖಾದಿಯ ಪಟ್ಟಿಯಿದ್ದು, ಜಗ್ಗಾಟವನ್ನೆಲ್ಲ ಅದೇ ತಾಳಿಕೊಳ್ಳುತ್ತದೆ. ಹೋದ ವರ್ಷ ರಸ್ತೆಬದಿಯಲ್ಲಿ ಕೊಂಡಿದ್ದ ಪಾಲಿಯೆಸ್ಟರ್ ಧ್ವಜದಲ್ಲಿ ಚಕ್ರವು ಬಿಳಿ ಪಟ್ಟಿಯ ನಡುವಿನಿಂದ ಒಂದು ಬೆರಳಿನಷ್ಟು ಸರಿದಿತ್ತು, ಕೇಸರಿ ಬಣ್ಣ ದೀಪಾವಳಿಯ ಹೊತ್ತಿಗೆ ಸಪ್ಪಗಾಗಿತ್ತು. ಖಾದಿಗೂ ಒಂದು ಕೊರತೆಯಿದೆ: ತೂಕದ ಬಟ್ಟೆಯಾದ್ದರಿಂದ ಗಾಳಿಯಿಲ್ಲದ ದಿನ ಅದು ಕಂಬಕ್ಕೆ ಜೋತು ಬೀಳುತ್ತದೆ, ಮಳೆಯಲ್ಲಿ ತೊಯ್ದರೆ ಒಣಗಲು ಇಡೀ ದಿನ ಬೇಕು. ನಮ್ಮ ಕಡೆ ಗಾಳಿಗೆ ಬರವಿಲ್ಲದ್ದರಿಂದ ಮೊದಲನೆಯದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಷ್ಟೇ ಆಗಿದ್ದರೆ ವಿಮರ್ಶೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಈ ವಸ್ತುವನ್ನು ಕೊಪ್ಪಳದಲ್ಲಿ ಕೊಳ್ಳುವವನು ಅದರ ಬಣ್ಣ, ಹೊಲಿಗೆಗಳನ್ನು ಮಾತ್ರ ನೋಡಿ ಸುಮ್ಮನಿರಲಾಗದು. ಇದೇ ಊರಿನಲ್ಲಿ ಇದೇ ಬಟ್ಟೆಯನ್ನು ಕಂಬಕ್ಕೇರಿಸುವುದು ಶಿಕ್ಷಾರ್ಹ ಅಪರಾಧವಾಗಿದ್ದ ಕಾಲವೊಂದಿತ್ತು. ಕೊಪ್ಪಳವು ಹೈದರಾಬಾದ್ ಸಂಸ್ಥಾನದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರು. 1947ರ ಆಗಸ್ಟ್ 15ರಂದು ತುಂಗಭದ್ರೆಯ ಆಚೆಯ ಬಳ್ಳಾರಿಯಲ್ಲಿ ತ್ರಿವರ್ಣ ಧ್ವಜ ಹಾರಿದರೆ ಯಾರೂ ಕೇಳುವಂತಿರಲಿಲ್ಲ, ಏಕೆಂದರೆ ಅದು ಮದ್ರಾಸ್ ಪ್ರಾಂತ. ಹೊಳೆಯ ಈಚೆಗೆ ಅದೇ ದಿನ ಅದೇ ಧ್ವಜ ನಿಷಿದ್ಧ. ಆಗಸ್ಟ್ 7ರಂದೇ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಭಾರತ ಒಕ್ಕೂಟವನ್ನು ಸೇರಬೇಕೆಂಬ ಚಳವಳಿಗೆ ಕರೆ ಕೊಟ್ಟಿತ್ತು, ಸ್ವಾಮಿ ರಮಾನಂದ ತೀರ್ಥರು ಅದರ ಮುಂದಾಳು. ಧ್ವಜ ಹಾರಿಸಿದವರು ಸೆರೆಮನೆಗೆ ಹೋದರು. ಹದಿಮೂರು ತಿಂಗಳ ಬಳಿಕ, 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಶರಣಾಯಿತು. ಆ ದಿನದ ನೆನಪಿಗೆಂದೇ ನಮ್ಮ ಭಾಗದ ಜಿಲ್ಲೆಗಳಲ್ಲಿ ಇಂದಿಗೂ ಸೆಪ್ಟೆಂಬರ್ 17ರಂದು ಸರ್ಕಾರವೇ ಧ್ವಜಾರೋಹಣ ಮಾಡುತ್ತದೆ. ನಿನ್ನೆ ಕೈಕೋಳ ತೊಡಿಸುತ್ತಿದ್ದ ಕೃತ್ಯ ಇಂದು ಜಿಲ್ಲಾಡಳಿತದ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುತ್ತಿದೆ. ಹಾಗಾದರೆ ಅಂದು ಕಾನೂನು ಮುರಿದವರು ತಪ್ಪು ಮಾಡಿದರೇ, ಇಲ್ಲವೇ ಆ ಕಾನೂನೇ ತಪ್ಪಾಗಿತ್ತೇ?

ಕಾನೂನು ತಪ್ಪಾಗಿತ್ತೆಂದು ಹೇಳುವುದು ಸುಲಭ. ಅಷ್ಟರಿಂದಲೇ ಮುರಿದವನ ಕೆಲಸ ನೀತಿಯದಾಗುತ್ತದೆ ಎಂದು ನಾನು ಒಪ್ಪುವುದಿಲ್ಲ. ಉಪ್ಪಿನ ಮೇಲಿನ ತೆರಿಗೆ ಅನ್ಯಾಯವೇ ಆಗಿತ್ತು. ಆದರೆ ರಾತ್ರಿ ಕದ್ದು ಉಪ್ಪು ಕಾಯಿಸಿ ಮಾರಿ ಹಣ ಮಾಡಿಕೊಂಡವನನ್ನೂ ದಂಡಿಯಲ್ಲಿ ಉಪ್ಪು ಹಿಡಿದವರನ್ನೂ ಒಂದೇ ಸಾಲಿನಲ್ಲಿ ಕೂರಿಸಲಾಗುವುದಿಲ್ಲ. ಗಾಂಧೀಜಿ 1930ರ ಮಾರ್ಚ್ 2ರಂದು ವೈಸ್‌ರಾಯ್ ಇರ್ವಿನ್‌ರಿಗೆ ಪತ್ರ ಬರೆದು, ತಾವು ಕಾಯ್ದೆ ಮುರಿಯಲಿರುವುದನ್ನು ಮೊದಲೇ ತಿಳಿಸಿದ್ದರು. ಅದಕ್ಕೂ ಮೊದಲು, 1922ರ ಮಾರ್ಚಿನಲ್ಲಿ ಅಹಮದಾಬಾದಿನ ನ್ಯಾಯಾಲಯದಲ್ಲಿ ರಾಜದ್ರೋಹದ ಆಪಾದನೆಯನ್ನು ಒಪ್ಪಿಕೊಂಡು, ಕಾನೂನಿನಲ್ಲಿರುವ ಅತ್ಯಂತ ಕಠಿಣ ಶಿಕ್ಷೆಯನ್ನೇ ಕೊಡಿರೆಂದು ನ್ಯಾಯಾಧೀಶ ಬ್ರೂಮ್‌ಫೀಲ್ಡ್‌ರನ್ನು ಕೇಳಿದ್ದರು. ಸಿಕ್ಕದ್ದು ಆರು ವರ್ಷ. ಬಚ್ಚಿಡದೆ ಮಾಡುವುದು, ಹೆಸರು ಹೇಳಿ ಮಾಡುವುದು, ಶಿಕ್ಷೆಗೆ ಮೈಯೊಡ್ಡುವುದು, ತನಗೊಬ್ಬನಿಗೆ ವಿನಾಯಿತಿ ಕೇಳದೆ ಎಲ್ಲರ ಮೇಲಿನ ಕಟ್ಟಳೆಯೇ ಬದಲಾಗಲೆಂದು ಬಯಸುವುದು: ಇವೆಲ್ಲ ಕೂಡಿದಾಗ ಮಾತ್ರ ಕಾನೂನುಭಂಗಕ್ಕೆ ನೀತಿಯ ಬಲ ಬರುತ್ತದೆ. ಹಾಗೆ ಮುರಿದವನು ಒಂದು ಕಾನೂನನ್ನು ಧಿಕ್ಕರಿಸಿದರೂ ಕಾನೂನು ಎಂಬ ವ್ಯವಸ್ಥೆಗೆ ತಲೆಬಾಗಿಯೇ ಇರುತ್ತಾನೆ.

ಈ ಒರೆಗಲ್ಲಿಗೆ ಹಚ್ಚಿದರೆ ಧ್ವಜದಷ್ಟು ಶುದ್ಧವಾದ ವಸ್ತು ಬೇರೊಂದಿಲ್ಲವೆಂದು ನನಗೆ ತೋರುತ್ತದೆ. ಉಪ್ಪನ್ನು ಗುಟ್ಟಾಗಿ ಮಾಡಬಹುದು, ತೆರಿಗೆಯನ್ನು ಗುಟ್ಟಾಗಿ ತಪ್ಪಿಸಬಹುದು. ಧ್ವಜವನ್ನು ಗುಟ್ಟಾಗಿ ಹಾರಿಸಲು ಬರುವುದಿಲ್ಲ. ಪೆಟ್ಟಿಗೆಯಲ್ಲಿ ಮಡಚಿಟ್ಟರೆ ಅದು ಬರಿಯ ಬಟ್ಟೆ, ಹೊರಗೆ ತೆಗೆದು ಏರಿಸಿದ ಗಳಿಗೆಯಲ್ಲಿ ಏರಿಸಿದವನ ಹೆಸರು ಊರಿಗೆಲ್ಲ ಗೊತ್ತು. ಅದರಿಂದ ಯಾರ ಆಸ್ತಿಗೂ ನಷ್ಟವಿಲ್ಲ, ಯಾರ ಮೈಗೂ ಪೆಟ್ಟಿಲ್ಲ, ಏರಿಸಿದವನಿಗೆ ಒಂದು ಕಾಸಿನ ಲಾಭವೂ ಇಲ್ಲ. 1923ರಲ್ಲಿ ನಾಗಪುರದ ಸಿವಿಲ್ ಲೈನ್ಸ್ ಕಡೆಗೆ ಧ್ವಜ ಹಿಡಿದು ಮೆರವಣಿಗೆ ಹೋಗಬಾರದೆಂದು ನಿಷೇಧಾಜ್ಞೆ ಹೊರಟಾಗ ತಂಡ ತಂಡವಾಗಿ ಹೋಗಿ ಬಂಧನಕ್ಕೊಳಗಾದವರಲ್ಲಿ ಡಾ. ನಾ.ಸು. ಹರ್ಡೀಕರರ ಹುಬ್ಬಳ್ಳಿಯ ಸ್ವಯಂಸೇವಕರೂ ಇದ್ದರು. ಕ್ಷಮಾಪಣೆ ಬರೆದುಕೊಟ್ಟು ಹೊರಬರುವುದಕ್ಕೆ ಅವರು ಒಪ್ಪಲಿಲ್ಲವೆಂಬುದು ಪ್ರಸಿದ್ಧ ಸಂಗತಿ. 1938ರ ಏಪ್ರಿಲಿನಲ್ಲಿ ಮೈಸೂರು ಸಂಸ್ಥಾನದ ಶಿವಪುರದಲ್ಲಿ ನಿಷೇಧವನ್ನು ಮೀರಿ ಧ್ವಜವೇರಿಸಿದ ಟಿ. ಸಿದ್ಧಲಿಂಗಯ್ಯನವರು ಸಾವಿರಾರು ಜನರ ಕಣ್ಣೆದುರಿಗೇ ಬಂಧನಕ್ಕೊಳಗಾದರು. ನನ್ನ ಮನೆಯ ಧ್ವಜ ಅದೇ ಹುಬ್ಬಳ್ಳಿಯಲ್ಲಿ ಹೊಲಿದದ್ದೆಂಬುದು ಕಾಕತಾಳೀಯವಿರಬಹುದು, ಆದರೂ ಸಂತೋಷದ ವಿಷಯ.

ಇಷ್ಟರಮಟ್ಟಿಗೆ ತಕರಾರಿಲ್ಲ. ತೊಡಕು ಶುರುವಾಗುವುದು ಆಮೇಲೆ. ನಮ್ಮ ಭಾಗದ ಚಳವಳಿ ಧ್ವಜಕ್ಕೆ ನಿಲ್ಲಲಿಲ್ಲ. ಸರ್ಕಾರದ ಅಬಕಾರಿ ಆದಾಯಕ್ಕೆ ಪೆಟ್ಟು ಕೊಡಲು ಸಿಂದಿ ಗಿಡಗಳನ್ನು ಕಡಿದರು. ಗಡಿಯ ಆಚೆ ಶಿಬಿರಗಳು ಎದ್ದವು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದ ಮುಂಡರಗಿ ಶಿಬಿರದವರು ಆಯುಧ ಹಿಡಿದು ಸಂಸ್ಥಾನದೊಳಗೆ ನುಗ್ಗಿದರು, ಕರೋಡಗಿರಿ ನಾಕೆಗಳ (ಸಂಸ್ಥಾನದ ಸುಂಕದ ಕಟ್ಟೆಗಳ) ಮೇಲೆ ದಾಳಿಗಳಾದವು. ಇದನ್ನೂ ಅದೇ ಒರೆಗಲ್ಲಿಗೆ ಹಚ್ಚಿದರೆ ಉಳಿಯುತ್ತದೆಯೇ? ಇರುಳಿನ ದಾಳಿಯಲ್ಲಿ ಬಹಿರಂಗವಿಲ್ಲ, ಅಹಿಂಸೆಯಿಲ್ಲ, ಶಿಕ್ಷೆಗೆ ಮೈಯೊಡ್ಡುವ ಮಾತೂ ಇಲ್ಲ. ಆದರೆ ಶಿಕ್ಷೆಗೆ ಮೈಯೊಡ್ಡಬೇಕೆಂದು ಕೇಳುವ ಮೊದಲು ಶಿಕ್ಷೆ ಕೊಡುವ ನ್ಯಾಯಾಲಯವೊಂದು ಇರಬೇಕಲ್ಲವೇ? ಅಹಮದಾಬಾದಿನಲ್ಲಿ ಬ್ರೂಮ್‌ಫೀಲ್ಡ್ ಇದ್ದರು. 1948ರ ಮೇ ತಿಂಗಳಲ್ಲಿ ಬೀದರ ಸೀಮೆಯ ಗೋರಟಾ ಗ್ರಾಮದ ಮೇಲೆ ಬಿದ್ದ ರಜಾಕಾರರು, ಅಂದರೆ ನಿಜಾಮನ ಪರವಾದ ಖಾಸಗಿ ಪಡೆಯವರು, ಯಾವ ವಿಚಾರಣೆಯನ್ನೂ ನಡೆಸಲಿಲ್ಲ. ತಪ್ಪೊಪ್ಪಿಗೆಯನ್ನು ಕೇಳಿಸಿಕೊಳ್ಳುವ ಕಿವಿಯೇ ಇಲ್ಲದ ಕಡೆ ಸತ್ಯಾಗ್ರಹಿಯ ನಿಯಮಗಳನ್ನು ಪೂರ್ತಿಯಾಗಿ ಕೇಳುವುದು ಕಷ್ಟ. ಹಾಗೆಂದು ಆಯುಧದ ದಾರಿಗೆ ನಾನು ಪ್ರಶಸ್ತಿಪತ್ರ ಬರೆಯಲಾರೆ. ಸಂಸ್ಥಾನವನ್ನು ಶರಣಾಗಿಸಿದ ಭಾರತ ಸೇನೆಯ ‘ಪೊಲೀಸ್ ಕಾರ್ಯಾಚರಣೆ’ಯ ಬೆನ್ನಿಗೇ ಇದೇ ಸಂಸ್ಥಾನದ ಸಾವಿರಾರು ಮುಸ್ಲಿಮರ ಕೊಲೆಯಾದುದನ್ನು ಕೇಂದ್ರ ಸರ್ಕಾರವೇ ಕಳುಹಿಸಿದ ಸುಂದರಲಾಲ್ ಸಮಿತಿ ದಾಖಲಿಸಿದೆ. ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಅದರ ಸುದ್ದಿ ಬರುವುದೇ ಇಲ್ಲ. ಶಿಬಿರದವರನ್ನು ಗೌರವಿಸುತ್ತೇನೆ, ಅವರು ಬೇರೆ ದಾರಿ ಕಾಣದೆ ಹಾಗೆ ಮಾಡಿದರೆಂದು ನಂಬುತ್ತೇನೆ. ಧ್ವಜ ಹಿಡಿದು ನಾಕೆಯ ಎದುರು ನಿಂತವನ ಕೆಲಸವನ್ನು ಮಾತ್ರ ಯಾವ ‘ಆದರೆ’ಯೂ ಇಲ್ಲದೆ ನೀತಿಯ ಕೆಲಸವೆನ್ನುತ್ತೇನೆ.

ಅಂಗಡಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಪ್ರಶ್ನೆ ಅಲ್ಲಿಯೂ ಎದುರಾಯಿತು. ಧ್ವಜವನ್ನು ಮಡಚಿ ಕೊಡುತ್ತ ಕೆಲಸದ ಹುಡುಗ, "ಮನೀ ಮ್ಯಾಲ ಹಾರಸ್ತೀರೇನ್ರೀ ಸರ? ಹಂಗಾದ್ರ ನಗರಸಭಾದಾಗ ಒಂದ್ ಮಾತ ಕೇಳ್ರಿ, ಆಮ್ಯಾಲ ಕೇಸ್ ಗೀಸ್ ಆದೀತು" ಎಂದ. ಧ್ವಜ ಮಾರುವವನಿಗೇ ಧ್ವಜ ಹಾರಿಸುವ ಹಕ್ಕು ಗೊತ್ತಿಲ್ಲದಿರುವುದು ಈ ಅಂಗಡಿಯ ದೊಡ್ಡ ಕೊರತೆ. ಆದರೆ ಅವನ ಅಂಜಿಕೆ ಪೂರ್ತಿ ಹುಸಿಯೂ ಅಲ್ಲ, ಅದೊಂದು ಹಳೆಯ ನಿಯಮದ ಉಳಿಕೆ. ಸ್ವತಂತ್ರ ಭಾರತದಲ್ಲಿ ಬಹುಕಾಲ ಸಾಮಾನ್ಯ ನಾಗರಿಕರು ಗೊತ್ತುಪಡಿಸಿದ ಕೆಲವೇ ದಿನಗಳಲ್ಲಿ ಮಾತ್ರ ಧ್ವಜ ಹಾರಿಸಬಹುದಿತ್ತು. ಉದ್ಯಮಿ ನವೀನ್ ಜಿಂದಾಲ್ ತಮ್ಮ ಕಾರ್ಖಾನೆಯಲ್ಲಿ ದಿನವೂ ಧ್ವಜ ಹಾರಿಸಿದಾಗ ಅಧಿಕಾರಿಗಳು ತಡೆದರು. ಅವರು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದರು. 2002ರ ಜನವರಿ 26ರಿಂದ ಹೊಸ ಧ್ವಜ ಸಂಹಿತೆ ಜಾರಿಗೆ ಬಂತು, 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಗೌರವದಿಂದ ಧ್ವಜ ಹಾರಿಸುವುದು ಸಂವಿಧಾನದ 19ನೆಯ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗಿನ ಹಕ್ಕೆಂದು ಹೇಳಿತು. ಆ ಹಕ್ಕಿಗೂ ಯುಕ್ತ ನಿರ್ಬಂಧಗಳಿವೆ, ಧ್ವಜಕ್ಕೆ ಅಪಮಾನ ಮಾಡುವುದನ್ನು 1971ರ ಕಾಯ್ದೆ ಶಿಕ್ಷಿಸುತ್ತದೆ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಬೇರೆ: ಸಂಹಿತೆಯು ಸರ್ಕಾರದ ಸೂಚನೆಯೇ ಹೊರತು ಶಾಸನವಲ್ಲವೆಂದು ಆ ತೀರ್ಪಿನಲ್ಲಿ ಸ್ಪಷ್ಟವಾಯಿತು. ಅಂದರೆ ಮೀರಿದಂತೆ ಕಂಡವರು ಕಾನೂನನ್ನು ಮೀರಿಯೇ ಇರಲಿಲ್ಲ. ಇದು ತಿಳಿಯಬೇಕಾದರೆ ಒಬ್ಬರು ಮೊದಲು ಧ್ವಜ ಏರಿಸಲೇಬೇಕಿತ್ತು.

ಸಂವಿಧಾನ ಬಂದ ಮೇಲೆ ಇಂಥ ಭಂಗಕ್ಕೆ ಜಾಗವೇ ಇಲ್ಲ ಎಂಬ ವಾದಕ್ಕೆ ದೊಡ್ಡ ಆಸರೆ ಡಾ. ಅಂಬೇಡ್ಕರ್. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು, ಸಂವಿಧಾನದ ದಾರಿಗಳು ತೆರೆದಿರುವಾಗ ಅಸಹಕಾರ, ಸತ್ಯಾಗ್ರಹಗಳು ಅರಾಜಕತೆಯ ವ್ಯಾಕರಣವೇ ಎಂದು ಎಚ್ಚರಿಸಿದ್ದರು. ಈ ಮಾತನ್ನು ಹಗುರವಾಗಿ ತಳ್ಳಿಹಾಕುವವರ ಜೊತೆ ನಾನಿಲ್ಲ. ರಸ್ತೆ ತಡೆದು ಆಂಬುಲೆನ್ಸ್ ನಿಲ್ಲಿಸುವವರೆಲ್ಲ ತಮ್ಮನ್ನು ಸತ್ಯಾಗ್ರಹಿಗಳೆಂದು ಕರೆದುಕೊಳ್ಳುವ ಕಾಲವಿದು. ಆದರೆ 1927ರಲ್ಲಿ, ದಲಿತರಿಗೆ ಮುಟ್ಟಗೊಡದಿದ್ದ ಮಹಾಡದ ಚವದಾರ ಕೆರೆಯ ನೀರು ಮುಟ್ಟಿದವರೂ ಅದೇ ಅಂಬೇಡ್ಕರರು. ಆ ಕೆರೆಯನ್ನು ಎಲ್ಲರಿಗೂ ತೆರೆಯಲು ಪುರಸಭೆ ಆಗಲೇ ನಿರ್ಣಯ ಮಾಡಿತ್ತು. ಕಾನೂನು ಅವರ ಕಡೆಗಿತ್ತು, ಊರು ಇರಲಿಲ್ಲ. ನಮ್ಮ ಜಿಲ್ಲೆಯ ಸ್ಥಿತಿ ಇಂದಿಗೂ ಇದಕ್ಕೆ ಹತ್ತಿರ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿಗೂ ಹೋಟೆಲಿಗೂ ದಲಿತರನ್ನು ಬಿಡದಿದ್ದುದನ್ನು ಪ್ರಶ್ನಿಸಿದ್ದರ ಬೆನ್ನಿಗೆ 2014ರಲ್ಲಿ ಅವರ ಮನೆಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು, ಮೇಲ್ಮನವಿ ಹೈಕೋರ್ಟಿಗೆ ಹೋಯಿತು. ಇಲ್ಲಿ ಅನ್ಯಾಯದ ಕಟ್ಟಳೆ ಪುಸ್ತಕದಲ್ಲಿಲ್ಲ, ಊರಿನ ಕಟ್ಟೆಯ ಮೇಲಿದೆ. ಅದನ್ನು ಮುರಿಯುವವನು ಸಂವಿಧಾನವನ್ನು ಪಾಲಿಸುತ್ತಿರುತ್ತಾನೆ. ದಂಡಿಗೆ ಹೋದವನಿಗೆ ಆರಕ್ಷಕರ ಲಾಠಿಯ ಭಯ, ಇವನಿಗೆ ನೆರೆಮನೆಯವನ ಭಯ. ಎರಡನೆಯದು ಹೆಚ್ಚು ಕಠಿಣವೆಂದು ನನ್ನ ಎಣಿಕೆ.

ಇದಕ್ಕೆ ತದ್ವಿರುದ್ಧವಾದ ಕಾನೂನುಭಂಗವೂ ಧ್ವಜದ ಚರಿತ್ರೆಯಲ್ಲಿದೆ. 2021ರ ಡಿಸೆಂಬರಿಗೆ ಮೊದಲು ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೆ ಸಂಹಿತೆಯಲ್ಲಿ ಅವಕಾಶವಿರಲಿಲ್ಲ, ಆದರೂ ಆಗಸ್ಟ್ ಬಂದರೆ ಸಂತೆಯಲ್ಲಿ ಅದರದೇ ರಾಶಿ. ಮಾರಿದವರಿಗೆ ನಿಯಮ ಬದಲಾಗಲೆಂಬ ಹಂಬಲವಿರಲಿಲ್ಲ, ವ್ಯಾಪಾರವಾದರೆ ಸಾಕಿತ್ತು. ಅಚ್ಚರಿಯೆಂದರೆ ಕೊನೆಗೆ ನಿಯಮ ಬದಲಾದದ್ದು ಅವರಿಗೆ ಅನುಕೂಲವಾಗಿಯೇ. ಅದನ್ನು ವಿರೋಧಿಸಿ 2022ರಲ್ಲಿ ಬೆಂಗೇರಿಯ ಖಾದಿ ಕೆಲಸಗಾರರು ಬೀದಿಗೆ ಬಂದರು.

ಧ್ವಜಕ್ಕೆ ಐದರಲ್ಲಿ ನಾಲ್ಕೂವರೆ ಅಂಕ, ಅಂಗಡಿಗೆ ಮೂರು. ಆಗಸ್ಟ್ ಎರಡನೆಯ ವಾರದಲ್ಲಿ ಈ ಅಳತೆ ಸಿಗುವುದಿಲ್ಲ, ಸೆಪ್ಟೆಂಬರಿನಲ್ಲಿ ಸಿಗುತ್ತದೆ. ಬಿಲ್ ಕೇಳಿ ಪಡೆಯಬೇಕು. ಕೇಸರಿ ಮೇಲಿರಬೇಕು, ನೆಲಕ್ಕೆ ತಾಗಬಾರದು, ಹರಿದ ಧ್ವಜವನ್ನು ಹಾರಿಸಬಾರದು ಎಂಬ ನಿಯಮಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಧ್ವಜದೊಡನೆ ಕೊಡುವಂತೆ ಮಾಲೀಕರಿಗೆ ಹೇಳಿ ಬಂದಿದ್ದೇನೆ. ಮನೆಯ ಮೇಲೆ ವರ್ಷದ ಎಲ್ಲ ದಿನ ಹಾರಿಸಬಹುದು, ಯಾರ ಅಪ್ಪಣೆಯೂ ಬೇಕಿಲ್ಲ ಎಂಬ ಸಾಲನ್ನು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಹಾಕಿಸಿರೆಂದೂ ಹೇಳಿದ್ದೇನೆ.