ಕಣ್ತಪ್ಪಿಸಿ ಹೋಗುವುದೋ, ಟಾಟಾ ಹೇಳಿ ಹೋಗುವುದೋ?

ಮಗುವನ್ನು ಅಜ್ಜಿಯ ಹತ್ತಿರವೋ ಪ್ಲೇಹೋಮಿನಲ್ಲೋ ಬಿಟ್ಟು ಕೆಲಸಕ್ಕೆ ಹೊರಡುವವರ ಮುಂದೆ ದಿನವೂ ಇದೇ ಪ್ರಶ್ನೆ. ಬಿಟ್ಟು ಹೊರಟರೆ ಮಗು ಅಳುತ್ತದೆ. ಸುಮಾರು 8 ತಿಂಗಳಿಗೆ ಶುರುವಾಗುವ ಈ ಅಳು 10ರಿಂದ 18 ತಿಂಗಳ ನಡುವೆ ಜೋರು. ಹೆಚ್ಚಿನ ಮಕ್ಕಳಲ್ಲಿ 3 ವರ್ಷದ ಹೊತ್ತಿಗೆ ಇಳಿಯುತ್ತದೆ.

ಕಣ್ತಪ್ಪಿಸಿ ಹೋದರೆ ಬಾಗಿಲಲ್ಲಿ ರಂಪ ಇಲ್ಲ, ಬಸ್ಸೂ ತಪ್ಪುವುದಿಲ್ಲ. ಲಾಭ ಅಷ್ಟೇ. ಆಟದಿಂದ ತಲೆಯೆತ್ತಿದ ಮಗುವಿಗೆ ಅಮ್ಮ ಮಾಯ. ಯಾವಾಗ ಬೇಕಾದರೂ ಹೀಗಾಗಬಹುದು ಎಂಬ ಹೆದರಿಕೆ ಹೊಕ್ಕರೆ ಮನೆಯಲ್ಲೂ ಸೆರಗು ಬಿಡುವುದಿಲ್ಲ, ಬಚ್ಚಲಿನ ಬಾಗಿಲ ತನಕ ಹಿಂದೆಯೇ ಬರುತ್ತದೆ.

ಹೇಳಿ ಹೋದರೆ ಮೊದಮೊದಲು ಅಳು ಇದ್ದೇ ಇರುತ್ತದೆ. ಆದರೂ ನಮ್ಮ ಆಯ್ಕೆ ಇದೇ. ಹೊಟ್ಟೆ ತುಂಬಿರಲಿ, ನಿದ್ದೆಯ ಹೊತ್ತಾಗಿರದಿರಲಿ. ನೋಡಿಕೊಳ್ಳುವವರು ಮೊದಲೇ ಎತ್ತಿಕೊಂಡಿರಲಿ. ಒಂದು ಮುತ್ತು, ದಿನವೂ ಅದೇ ಮಾತು, ಟಾಟಾ. ಒಂದು ನಿಮಿಷ ಮೀರುವುದು ಬೇಡ. ‘ಐದು ಗಂಟೆಗೆ’ ಎಂದರೆ ಎರಡು ವರ್ಷದ ಮಗುವಿಗೆ ತಿಳಿಯದು. ‘ಮಮ್ಮು ತಿಂದು, ತಾಚಿ ಮಾಡಿ ಎದ್ದ ಮೇಲೆ ಬರ್ತೀನಿ ಪುಟ್ಟಾ’ ಅನ್ನಿ, ತಪ್ಪದೆ ಆಗಲೇ ಬನ್ನಿ. ನಿಮ್ಮ ವಾಸನೆಯಿರುವ ಹಳೇ ದುಪಟ್ಟಾ ತುಂಡೊಂದು ದೊಡ್ಡ ಮಕ್ಕಳ ಕೈಯಲ್ಲಿದ್ದರೆ ಒಳ್ಳೆಯದು.

ಕೆಡುವುದು ಎಲ್ಲಿ ಗೊತ್ತೇ? ಗೇಟಿನ ತನಕ ಹೋಗಿ, ಅಳು ಕೇಳಿ ವಾಪಸ್ ಬರುವುದರಲ್ಲಿ. ಇನ್ನೂ ಜೋರಾಗಿ ಅತ್ತರೆ ಅಮ್ಮ ಬರುತ್ತಾಳೆ ಎಂದು ಮಗು ಕಲಿಯುತ್ತದೆ. ಬದಲಿಗೆ ಕೆಲಸಕ್ಕೆ ಸೇರುವ ಎರಡು ವಾರ ಮೊದಲೇ 5 ನಿಮಿಷ, 15 ನಿಮಿಷ, ಅರ್ಧ ಗಂಟೆ ಹೀಗೆ ಬಿಟ್ಟು ರೂಢಿ ಮಾಡಿ.

ನಾಲ್ಕು ವಾರ ಕಳೆದರೂ ಊಟ, ನಿದ್ದೆ ಕೆಟ್ಟೇ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.