ಆರ್‌ಟಿಎಕ್ಸ್ 5060 ಟಿಐ ಗ್ರಾಫಿಕ್ಸ್ ಕಾರ್ಡಿಗೆ ಬಿ550 ಮದರ್‌ಬೋರ್ಡ್ ಸಾಲುತ್ತದೆಯೇ?

ಸಾಲುತ್ತದೆ, ಆದರೆ ಪ್ರೊಸೆಸರ್ ಯಾವುದು ಅಂತ ಮೊದಲು ನೋಡಿ. ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಡೇಟಾ ಸಾಗುವ ದಾರಿಗೆ ಪಿಸಿಐಇ ಎನ್ನುತ್ತಾರೆ; ಆವೃತ್ತಿ ಸಂಖ್ಯೆ ಹೆಚ್ಚಿದಷ್ಟೂ ವೇಗ ಹೆಚ್ಚು. ಈ ಕಾರ್ಡು ಪಿಸಿಐಇ 5.0ದ ಎಂಟೇ ಲೇನ್ (ಡೇಟಾ ಹರಿಯುವ ಸಾಲು) ಬಳಸುತ್ತದೆ. ಹಳೆಯ ಬಿ450 ಅಥವಾ ಎ520 ಬೋರ್ಡಿನಲ್ಲಿ ಅದು 3.0ಕ್ಕೆ ಇಳಿದು, ಸೆಕೆಂಡಿಗೆ ಸುಮಾರು 8 ಜಿಬಿಗೆ ನಿಲ್ಲುತ್ತದೆ. ಬಿ550ಯಲ್ಲಿ 4.0 ಸಿಗುವುದರಿಂದ ಸೆಕೆಂಡಿಗೆ ಸುಮಾರು 16 ಜಿಬಿ ಸಾಗುತ್ತದೆ. 16 ಜಿಬಿ ಮೆಮೊರಿಯ ಕಾರ್ಡಿಗೆ ಈ ವ್ಯತ್ಯಾಸ ಅಷ್ಟಾಗಿ ತಟ್ಟದು. ಏಟು ಬೀಳುವುದು 8 ಜಿಬಿ ಮೆಮೊರಿಯ ಕಾರ್ಡಿಗೆ: ಅದರ ಮೆಮೊರಿ ತುಂಬಿದೊಡನೆ ಟೆಕ್ಸ್‌ಚರ್‌ಗಳು (ಆಟದ ವಸ್ತುಗಳ ಮೇಲ್ಮೈ ಚಿತ್ರಗಳು) ಕಂಪ್ಯೂಟರಿನ ರ‍್ಯಾಮ್‌ನಿಂದ ಬರಬೇಕು, ದಾರಿ ಕಿರಿದಾದರೆ ಆಟ ತಡವರಿಸುತ್ತದೆ.

ಅಂಗಡಿಯವರು ಹೇಳದ ಮಾತೊಂದಿದೆ. ಬಿ550ಯ ಮೊದಲ ಸ್ಲಾಟಿನ 4.0 ಬರುವುದು ಪ್ರೊಸೆಸರಿನಿಂದ. ರೈಜನ್ 5 5600 ಹಾಕಿದರೆ ಸರಿ. 5500 ಅಥವಾ 5600ಜಿ ಹಾಕಿದರೆ ಮತ್ತೆ 3.0ಯೇ, ಬೋರ್ಡಿಗೆ ಕೊಟ್ಟ ಹೆಚ್ಚಿನ ದುಡ್ಡು ನೀರುಪಾಲು. ಉದ್ದವಾಗಿ ಕಾಣುವ ಎರಡನೇ ಸ್ಲಾಟಿಗೂ ಮರುಳಾಗಬೇಡಿ, ಹೆಚ್ಚಿನ ಬೋರ್ಡುಗಳಲ್ಲಿ ಅದು ಚಿಪ್‌ಸೆಟ್ಟಿನ (ಬೋರ್ಡಿನ ಮೇಲಿನ ನಿಯಂತ್ರಕ ಚಿಪ್) ನಾಲ್ಕು ಲೇನ್ ಅಷ್ಟೇ.

ಜೋಡಿಸಿದ ಮೇಲೆ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಸಿಎಸ್‌ಎಂ (ಹಳೆಯ ರೀತಿಯಲ್ಲಿ ಬೂಟ್ ಮಾಡಲು ಬಿಡುವ ಆಯ್ಕೆ) ಆಫ್ ಮಾಡಿ, ಪ್ರೊಸೆಸರಿಗೆ ಕಾರ್ಡಿನ ಇಡೀ ಮೆಮೊರಿ ತೆರೆದಿಡುವ 'ಅಬೋವ್ 4ಜಿ ಡಿಕೋಡಿಂಗ್' ಮತ್ತು 'ರೀಸೈಜ್ ಬಾರ್' ಆನ್ ಮಾಡಿ. ವಿಂಡೋಸ್ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಭಜನೆ ಮಾದರಿಯದಾಗಿದ್ದರೆ ಸಿಎಸ್‌ಎಂ ತೆಗೆದೊಡನೆ ಬೂಟ್ ಆಗದು. ಮೊದಲೇ ಜಿಪಿಟಿ ಎಂಬ ಹೊಸ ಮಾದರಿಗೆ ಬದಲಿಸಿಕೊಳ್ಳಿ. ಬದಲಿಸುವ ಮುನ್ನ ಬ್ಯಾಕಪ್ ಇರಲಿ. ಕೊನೆಗೆ ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ತಂತ್ರಾಂಶ) ತೆರೆದು ಬಸ್ ಇಂಟರ್‌ಫೇಸ್ ಸಾಲು ನೋಡಿ: ಕಾರ್ಡಿಗೆ ಕೆಲಸ ಕೊಟ್ಟಾಗ 'ಎಕ್ಸ್8 4.0' ಬರಬೇಕು. ಸುಮ್ಮನಿದ್ದಾಗ 1.1 ತೋರಿಸಿದರೆ ಗಾಬರಿ ಬೇಡ, ಅದು ವಿದ್ಯುತ್ ಉಳಿಸುತ್ತಿರುತ್ತದೆ.